ಹೊರಗಡೆ ಜೋಡಿ ಫೋಟೊ: ಕಣ್ಣು ಕಪ್ಪಾಗುತ್ತದೆ, ಇಬ್ಬರೂ ಸೆಟೆದು ನಿಲ್ಲುತ್ತಾರೆ. ಲೆನ್ಸ್ ತಗೊಳ್ಳಲಾ, ಫ್ಲ್ಯಾಶ್ ತಗೊಳ್ಳಲಾ?

ಹೊಸಬ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಕ್ಯಾನನ್ ಕ್ಯಾಮೆರಾ ತಗೊಂಡಿದ್ದೇನೆ. ಅದರ ಜೊತೆ ಬಂದ 18-55 ಲೆನ್ಸ್ ಬಿಟ್ಟರೆ ಬೇರೆ ಏನೂ ಇಲ್ಲ. ದೊಡ್ಡಪ್ಪನ ಮಗನಿಗೆ ಮದುವೆ ನಿಶ್ಚಯ ಆಯಿತು, ಜೋಡಿ ಫೋಟೊ ನೀನೇ ತೆಗಿ ಅಂದ. ಕುಂದುವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಿ ಊಟದ ಹೊತ್ತಿನ ತನಕ ತೆಗೆದೆ.

ಹಿಂದಿನ ಕೆರೆ ಚೆನ್ನಾಗಿ ಬಂದಿದೆ, ಮುಂದಿನ ಜನ ಬಂದಿಲ್ಲ. ಕಣ್ಣಿನ ಗುಳಿ ಕಪ್ಪು, ಮೂಗಿನ ನೆರಳು ತುಟಿ ಮೇಲೆ. ಅಣ್ಣನ ಬಿಳಿ ಅಂಗಿಯ ಗುಂಡಿ ಕೂಡ ಕಾಣುವುದಿಲ್ಲ. ನಗಿ ಅಂದರೆ ಅತ್ತಿಗೆ ಹಲ್ಲು ತೋರಿಸುತ್ತಾರೆ, ಅಣ್ಣ ಕೈ ಎಲ್ಲಿ ಇಡಲಿ ಅಂತ ನನ್ನನ್ನೇ ಕೇಳುತ್ತಾನೆ.

ಬರುವ ಭಾನುವಾರ ಗೆಳೆಯನ ಜೋಡಿ ಫೋಟೊ ಇದೆ, ಚಿತ್ರದುರ್ಗದ ಕೋಟೆಯಲ್ಲಿ. ಇರೋ ದುಡ್ಡಿಗೆ ಒಂದೇ ವಸ್ತು ಬರುತ್ತದೆ. 50 ಎಂಎಂ ಲೆನ್ಸಾ, ಫ್ಲ್ಯಾಶಾ? ದಯವಿಟ್ಟು "ಒಳ್ಳೆ ಸ್ಟುಡಿಯೊದವರಿಗೆ ಕೊಡು" ಅನ್ನಬೇಡಿ.

ಕೋಟೆ_ಹುಡುಗ
ಹತ್ತೂವರೆಯಿಂದ ಊಟದ ಹೊತ್ತಿನ ತನಕ! ಉತ್ತರ ನಿನ್ನ ಪ್ರಶ್ನೆಯಲ್ಲೇ ಇದೆಯಲ್ಲ ತಮ್ಮಾ.

ಬೆಣ್ಣೆದೋಸೆ_ಬಾಬು
50 ಎಂಎಂ, ಎಫ್ 1.8 (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). ಕಣ್ಣು ಮುಚ್ಚಿಕೊಂಡು ತಗೋ. ಲೆನ್ಸುಗಳಲ್ಲೇ ಅಗ್ಗದ್ದು. ಹಿಂದಿನದೆಲ್ಲ ಮಸುಕಾಗಿ ಜೋಡಿ ಎದ್ದು ಬರುತ್ತದೆ. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ ಇಟ್ಟುಕೊಂಡು ಎಷ್ಟು ಒದ್ದಾಡಿದರೂ ಆ ಲುಕ್ ಬರಲ್ಲ.

ರೀಲ್_ಕಾಲದವನು
ಬಾಬು, ಲೆನ್ಸ್ ಬದಲಾಯಿಸಿದರೆ ಸೂರ್ಯ ಪಕ್ಕಕ್ಕೆ ಸರಿಯುತ್ತಾನಾ?

ನೋಡಪ್ಪ ಹೊಸಬ, ದಾವಣಗೆರೆ, ಚಿತ್ರದುರ್ಗ ಎರಡೂ ಇರೋದು 14 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಗೆ, ಮತ್ತೆ ಆಗಸ್ಟ್ ಮಧ್ಯದಲ್ಲಿ, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಹುಬ್ಬಿನ ನೆರಳು ಕಣ್ಣಿಗೆ, ಮೂಗಿನ ನೆರಳು ತುಟಿಗೆ ಬೀಳದೆ ಇನ್ನೆಲ್ಲಿಗೆ ಹೋಗಬೇಕು? ನಮ್ಮ ಮದುವೆ ಸೀಜನ್ ಜೋರಾಗೋದೂ ಅದೇ ಏಪ್ರಿಲ್, ಮೇನಲ್ಲಿ. ಹೊರದೇಶದವರ ವಿಡಿಯೊ ನೋಡಿ ಸಂಜೆಯ ಹೊಂಬಿಸಿಲು ಎರಡು ಗಂಟೆ ಇರುತ್ತದೆ ಅಂದುಕೊಳ್ಳಬೇಡ. ಅವರ ಕಡೆ ಸೂರ್ಯ ಓರೆಯಾಗಿ ನಿಧಾನಕ್ಕೆ ಇಳಿಯುತ್ತಾನೆ. ನಮ್ಮಲ್ಲಿ ಹೆಚ್ಚೂಕಡಿಮೆ ನೆಟ್ಟಗೆ ಇಳಿದುಬಿಡುತ್ತಾನೆ. ಕೊನೆಯ ಮುಕ್ಕಾಲು ಗಂಟೆ ಸಿಕ್ಕರೆ ಪುಣ್ಯ. ಕೋಟೆಯಲ್ಲಂತೂ ಸುತ್ತ ಗುಡ್ಡ, ಬಂಡೆ. ಮುಳುಗುವ ಮುಂಚೆಯೇ ಮರೆಯಾಗುತ್ತಾನೆ. ಕತ್ತಲಾಗುವ ಮೊದಲು ಸಿಬ್ಬಂದಿಯೂ ಕೆಳಗೆ ಕಳಿಸುತ್ತಾರೆ. ಹಾಗಾಗಿ ಸಂಜೆ ನೆಚ್ಚಿಕೊಳ್ಳಬೇಡ. ಬೆಳಿಗ್ಗೆ ಗೇಟ್ ತೆಗೆಯುವ ಹೊತ್ತಿಗೇ ಅಲ್ಲಿರು.

ಬಿಳಿ ಅಂಗಿ ಸುಟ್ಟಿರೋದಕ್ಕೆ ಬೇರೆ ಮದ್ದು. ಮೆನುವಿನಲ್ಲಿ ಹೈಲೈಟ್ ಅಲರ್ಟ್ ಅಂತ ಇರುತ್ತದೆ, ಆನ್ ಮಾಡು. ಬೆಳಕು ಜಾಸ್ತಿಯಾದ ಜಾಗ ಸ್ಕ್ರೀನ್ ಮೇಲೆ ಮಿಣುಮಿಣು ಅನ್ನುತ್ತದೆ. ಅಂಗಿ ಮಿಣುಕಿದರೆ ಎಕ್ಸ್‌ಪೋಶರ್ (ಫೋಟೊಗೆ ಬಿಡುವ ಬೆಳಕು) ಒಂದು ಹಂತ ಇಳಿಸು. ರಾ ಫೈಲ್‌ನಲ್ಲಿ (ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಉಳಿಸುವ ಫೈಲ್) ತೆಗೆ. ಕಪ್ಪಾದ ಮುಖವನ್ನು ಆಮೇಲೆ ಸ್ವಲ್ಪ ಎತ್ತಬಹುದು, ಸುಟ್ಟ ಅಂಗಿಯನ್ನು ಯಾರೂ ವಾಪಸ್ ತರೋಕಾಗಲ್ಲ.

ಹೊಸಬ_ದಾವಣಗೆರೆ
ಸರ್, ತಿಳೀತು. ಆದರೆ ಹುಡುಗಿ ಮನೆಯವರು ಹೊಳಲ್ಕೆರೆಯಿಂದ ಬರಬೇಕು. ಮೇಕಪ್ ಆಗಿ ಅಲ್ಲಿಗೆ ಬರೋದು ಒಂಬತ್ತೂವರೆ ಅಂತ ಈಗಲೇ ಹೇಳಿದ್ದಾರೆ. ಬೇಗ ಬನ್ನಿ ಅಂದರೆ ಬೇಜಾರಾಗುತ್ತಾರೆ.

ಕೋಟೆ_ಹುಡುಗ
ಒಂಬತ್ತೂವರೆ ಅಂದರೆ ಹತ್ತೂವರೆ ಅಂತ ಬರೆದುಕೋ.

ಮುಡಿಮಲ್ಲಿಗೆ
ಹುಡುಗಿ ಕಡೆಯಿಂದ ನಾನು ಹೇಳುತ್ತೇನೆ, ನನಗೂ ಅದೇ ಕೋಟೆಯಲ್ಲೇ ಫೋಟೊ ತೆಗೆದಿದ್ದರು. ನೀವು ಗಂಡಸರು ಲೆನ್ಸ್, ಸೂರ್ಯ ಅಂತ ಮಾತಾಡುತ್ತೀರಿ, ಆ ಕಲ್ಲು ಮೆಟ್ಟಿಲು ರೇಷ್ಮೆ ಸೀರೆ ಉಟ್ಟು ಹತ್ತಬೇಕಾದವರು ಯಾರು? ಹೈ ಹೀಲ್ಸ್ ಬೇಡ ಅಂತ ಮೊದಲೇ ಹೇಳಿ. ಹತ್ತುವಾಗ ಚಪ್ಪಲಿ, ಫೋಟೊಗೆ ಬೇಕಾದರೆ ಬೇರೆ. ನೀರು, ಟಿಶ್ಯೂ, ಎರಡು ಪಿನ್ನು ಜಾಸ್ತಿ ಇರಲಿ. ಮೇಲೆ ಗಾಳಿ ಬಹಳ, ಪಿನ್ ಹಾಕದಿದ್ದರೆ ಸೆರಗು ಮುಖಕ್ಕೇ ಬರುತ್ತದೆ. ಮೇಲೆ ಹೋಗಿ ಬಟ್ಟೆ ಬದಲಾಯಿಸುವ ಪ್ಲಾನ್ ಇದ್ದರೆ ಇವತ್ತೇ ಬಿಡಿ, ಅದಕ್ಕೆ ಅಲ್ಲಿ ಜಾಗ ಇಲ್ಲ.

ಮತ್ತೆ, ಬೇಗ ಬನ್ನಿ ಅಂತ ಹುಡುಗನ ಮೂಲಕ ಹೇಳಿಸಬೇಡಿ. ಹುಡುಗಿಗೇ ಫೋನ್ ಮಾಡಿ, "ಬಿಸಿಲಿಗೆ ಮೇಕಪ್ ಇಳಿದುಹೋಗುತ್ತೆ ಅಕ್ಕ" ಅನ್ನಿ. ಏಳಕ್ಕೇ ಬರುತ್ತಾಳೆ.

ರೀಲ್_ಕಾಲದವನು
ತಂಗಿ ಹೇಳಿದ ಕೊನೆ ಮಾತು ನೂರಕ್ಕೆ ನೂರು.

ಬೆಣ್ಣೆದೋಸೆ_ಬಾಬು
ಎಲ್ಲರೂ ನನ್ನ ಲೆನ್ಸನ್ನು ಮರೆತೇಬಿಟ್ಟಿರಿ. 1.8 ಇದ್ದರೆ ಕೋಟೆಯಲ್ಲಿ ಹಿಂದೆ ಓಡಾಡುವ ಪ್ರವಾಸಿಗಳೆಲ್ಲ ಮಾಯ. ಭಾನುವಾರ ಬೇರೆ.

ಬತ್ತಿಗುಡ್ಡ
ಮಾಯ ಆಗುತ್ತಾರೆ, ಜೊತೆಗೆ ಹುಡುಗನೂ ಮಾಯ ಆಗುತ್ತಾನೆ. ಲೆಕ್ಕ ಹಾಕಿ ನೋಡಿ. ಅವನ ಕ್ಯಾಮೆರಾ ಕ್ರಾಪ್ ಸೆನ್ಸರ್, ಅಂದರೆ ಒಳಗೆ ಬೆಳಕು ಹಿಡಿಯುವ ಫಲಕ ಚಿಕ್ಕದು. 50 ಎಂಎಂ ಹಾಕಿ ಎರಡೂವರೆ ಮೀಟರ್ ದೂರದಿಂದ ಎಫ್ 1.8ರಲ್ಲಿ ಹೊಡೆದರೆ ಶಾರ್ಪ್ ಆಗಿ ಬರೋದು ಸುಮಾರು 17 ಸೆಂಟಿಮೀಟರ್ ಆಳ. ಒಂದು ಗೇಣೂ ಇಲ್ಲ. ಹುಡುಗಿ ಮುಂದೆ, ಹುಡುಗ ಅವಳ ಭುಜದ ಹಿಂದೆ ನಿಂತರೆ ಒಬ್ಬರ ಕಣ್ಣು ಮಸುಕು. ಅದೇ ಎಫ್ 4ಕ್ಕೆ ಹೋದರೆ ಇನ್ನೇನು ಒಂದು ಮೊಳ ಸಿಗುತ್ತದೆ. ಜೋಡಿಗೆ ಅಷ್ಟಾದರೂ ಬೇಕು. 4ರಲ್ಲೇ ತೆಗೆಯೋದಾದರೆ 1.8ಕ್ಕೆ ಯಾಕೆ ದುಡ್ಡು ಕೊಡೋದು?

ಬೆಣ್ಣೆದೋಸೆ_ಬಾಬು
ಇಬ್ಬರ ತಲೆಯೂ ಒಂದೇ ಸಾಲಿಗೆ ಬರುವ ಹಾಗೆ ನಿಲ್ಲಿಸಿದರೆ 2.2ರಲ್ಲೂ ಬರುತ್ತದೆ. ಹಣೆಗೆ ಹಣೆ ತಾಗಿಸಿ ನಿಂತ ಫೋಟೊ ನೋಡಿಲ್ವಾ? ಅದೆಲ್ಲ ಹಾಗೇ ತೆಗೆದಿರೋದು.

ಬತ್ತಿಗುಡ್ಡ
ನಿಶ್ಚಿತಾರ್ಥ ಆಗಿ ಎರಡು ವಾರಕ್ಕೆ ಹಣೆಗೆ ಹಣೆ ತಾಗಿಸು ಅಂದರೆ ಹುಡುಗಿ ಅಣ್ಣ ನಿನ್ನ ಹಣೆಗೆ ತಾಗಿಸುತ್ತಾನೆ.

ಕೋಟೆ_ಹುಡುಗ
😂😂

ಬತ್ತಿಗುಡ್ಡ
ಹೊಸಬ, ಇರೋ ಲೆನ್ಸಲ್ಲೇ ಮಾಡು. 55ಕ್ಕೆ ಜೂಮ್ ಮಾಡು, ಅಲ್ಲಿ ಎಫ್ 5.6 ಸಿಗುತ್ತದೆ. ಜೋಡಿಯನ್ನು ಗೋಡೆಗೆ ಒರಗಿಸಬೇಡ. ಅವರ ಹಿಂದಿನ ಗೋಡೆ ಅವರಿಂದ ಇಪ್ಪತ್ತು ಹೆಜ್ಜೆ ದೂರ ಇರಲಿ, ನೀನು ಅವರಿಗೆ ಹತ್ತಿರ ಇರು. ಹಿಂದಿನದು ತಾನಾಗೇ ಮಸುಕಾಗುತ್ತದೆ. 18ರಲ್ಲಿ ಹತ್ತಿರ ಹೋಗಿ ಮುಖ ತೆಗೆಯಬೇಡ, ಮೂಗು ದೊಡ್ಡದಾಗುತ್ತದೆ, ಅಂಚಿಗೆ ನಿಂತವರ ಮುಖ ಎಳೆದುಕೊಳ್ಳುತ್ತದೆ. ಶಟರ್ ವೇಗ ಸೆಕೆಂಡಿನ 1/250ಕ್ಕಿಂತ ಕೆಳಗೆ ಬೇಡ, ನಡೆಯುವವರನ್ನು ತೆಗೆಯುವಾಗ 1/500. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) ಆಟೊಗೆ ಬಿಡು. ಫೋಕಸ್ ಬಿಂದು ಒಂದೇ ಇಟ್ಟುಕೊಂಡು ನಿನಗೆ ಹತ್ತಿರ ಇರುವವರ ಕಣ್ಣಿಗೆ ಇಡು.

ಜಗಳೂರಿನವ
ಯಾರೂ ಫ್ಲ್ಯಾಶ್ ಬಗ್ಗೆ ಹೇಳಲಿಲ್ಲ. ಕಣ್ಣು ಕಪ್ಪಾದರೆ ಫ್ಲ್ಯಾಶ್ ಹಾಕಬೇಕು, ಸಿಂಪಲ್.

ರೀಲ್_ಕಾಲದವನು
ಸಿಂಪಲ್ ಅಲ್ಲ ಸ್ವಾಮಿ. ಅವನ ಥರದ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಜೊತೆ ಶಟರ್ ಹೆಚ್ಚಾಗಿ 1/200ರ ಮೇಲೆ ಹೋಗುವುದಿಲ್ಲ. ಬಟಾಬಯಲ ಬಿಸಿಲಲ್ಲಿ ಐಎಸ್‌ಒ 100, 1/200 ಇಟ್ಟರೆ ಎಫ್ 11ಕ್ಕೆ ಹೋಗಲೇಬೇಕು, ಇಲ್ಲದಿದ್ದರೆ ಎಲ್ಲ ಬಿಳಿಚಿಕೊಳ್ಳುತ್ತದೆ. ಎಫ್ 11 ಅಂದ ಮೇಲೆ ಹಿಂದಿನ ಪ್ರವಾಸಿಗಳ ಐಸ್‌ಕ್ರೀಮ್ ಕೂಡ ಸ್ಪಷ್ಟ. ಅದರಿಂದ ತಪ್ಪಿಸಿಕೊಳ್ಳೋಕೆ ಹೈಸ್ಪೀಡ್ ಸಿಂಕ್ (ಶಟರ್ ಅದಕ್ಕಿಂತ ವೇಗ ಇದ್ದರೂ ಕೆಲಸ ಮಾಡುವ ಸೌಲಭ್ಯ) ಇರುವ ಫ್ಲ್ಯಾಶ್ ಬೇಕು. ಅದರಲ್ಲೂ ಶಕ್ತಿ ಬಹಳ ಕಡಿಮೆಯಾಗುತ್ತದೆ, ಜೋಡಿಗೆ ತೀರಾ ಹತ್ತಿರ ಇಡಬೇಕು. ಕಲಿಯುವ ಹುಡುಗನಿಗೆ ಭಾನುವಾರದೊಳಗೆ ಇಷ್ಟೆಲ್ಲ ಯಾಕೆ?

ಥರ್ಮಾಕೋಲ್ ಶೀಟ್ ತಗೊಂಡು ಹೋಗು. ಅಂಗಡಿಯಲ್ಲಿ ಕೆಲವೇ ರೂಪಾಯಿ. ಜೋಡಿಯ ಬೆನ್ನಿಗೆ ಬಿಸಿಲು ಬರಲಿ, ಮುಖ ನೆರಳಲ್ಲಿ ಇರಲಿ, ಎದುರಿನಿಂದ ಎದೆ ಮಟ್ಟಕ್ಕೆ ಥರ್ಮಾಕೋಲ್ ಹಿಡಿದರೆ ಬೆಳಕು ವಾಪಸ್ ಮುಖಕ್ಕೆ ಬೀಳುತ್ತದೆ. ನೆಲದ ಹತ್ತಿರ ಹಿಡಿಯಬೇಡ, ಗದ್ದದ ಕೆಳಗಿಂದ ಬೆಳಕು ಬಂದರೆ ದೆವ್ವದ ಸಿನಿಮಾ. ಎಕ್ಸ್‌ಪೋಶರ್ ಕಾಂಪನ್ಸೇಶನ್ (ಕ್ಯಾಮೆರಾ ಲೆಕ್ಕಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಪ್ಲಸ್ ಒಂದರ ಹತ್ತಿರ ಇಡು. ಹಿಂದಿನ ಬೆಳಕಿಗೆ ಮೋಸ ಹೋಗಿ ಕ್ಯಾಮೆರಾ ಮುಖವನ್ನು ಕಪ್ಪು ಮಾಡುತ್ತದೆ.

ಮುಡಿಮಲ್ಲಿಗೆ
ಥರ್ಮಾಕೋಲ್ ಕೋಟೆ ಗಾಳಿಗೆ ನಿಲ್ಲುತ್ತಾ? ಹಾರಿ ಹೊಂಡಕ್ಕೆ ಬಿದ್ದರೆ?

ಕೋಟೆ_ಹುಡುಗ
ನಿಲ್ಲಲ್ಲ. ಚೂರಾದರೆ ಆ ಬಿಳಿ ಕಾಳು ಆರಿಸೋಕೂ ಆಗಲ್ಲ. ಬಿಳಿ ಪಂಚೆ ತಗೊಂಡು ಹೋಗಿ. ಇಬ್ಬರು ಎರಡು ತುದಿ ಹಿಡಿದರೆ ಅದಕ್ಕಿಂತ ಒಳ್ಳೆ ರಿಫ್ಲೆಕ್ಟರ್ ಇಲ್ಲ. ಜರಿ ಅಂಚು ಮಡಚಿ ಹಿಡೀರಿ.

ಇನ್ನೊಂದು ಗುಟ್ಟು. ಕೋಟೆಯ ಬಾಗಿಲುಗಳಿವೆಯಲ್ಲ, ಅವೇ ಸ್ಟುಡಿಯೊ. ಮೇಲೆ ಕಲ್ಲಿನ ಚಾವಣಿ, ಎರಡೂ ಕಡೆ ಗೋಡೆ, ಎದುರಿಗೆ ಮಾತ್ರ ಬೆಳಕು. ಬಿಸಿಲಿನ ಗೆರೆ ಮುಗಿಯುವ ಕಡೆಯಿಂದ ಎರಡು ಹೆಜ್ಜೆ ಒಳಗೆ ನಿಲ್ಲಿಸಿ, ಮುಖ ಹೊರಗಡೆಗೆ ತಿರುಗಿಸಿ. ಹೊರಗಿನ ನೆಲ, ಬಂಡೆ ಎಲ್ಲ ಬಿಸಿಲಿಗೆ ಹೊಳೆಯುತ್ತಿರುತ್ತದೆ, ಆ ಬೆಳಕು ಮೆತ್ತಗೆ ಮುಖಕ್ಕೆ ಬರುತ್ತದೆ. ಕಣ್ಣಲ್ಲಿ ಒಂದು ಚುಕ್ಕಿ ಬೆಳಕು ಕಂಡರೆ ಜಾಗ ಸರಿ ಅಂತ ಅರ್ಥ. ಕಾಣದಿದ್ದರೆ ಅರ್ಧ ಹೆಜ್ಜೆ ಮುಂದೆ ತನ್ನಿ. ಹತ್ತೂವರೆಗೆ ಬಂದರೂ ಇದು ಕೈ ಬಿಡಲ್ಲ. ಓಡಾಡುವವರಿಗೆ ದಾರಿ ಬಿಡಿ, ಅಷ್ಟೇ.

ಜಗಳೂರಿನವ
ಒನಕೆ ಓಬವ್ವನ ಕಿಂಡಿ ಹತ್ತಿರ ತೆಗೆಯಲೇಬೇಕು. ದುರ್ಗಕ್ಕೆ ಹೋಗಿ ಅದಿಲ್ಲದಿದ್ದರೆ ಹೇಗೆ?

ಕೋಟೆ_ಹುಡುಗ
ಭಾನುವಾರ ಅಲ್ಲಿ ಸಾಲು ನಿಂತಿರುತ್ತದೆ. ಶಾಲೆ ಮಕ್ಕಳ ಪ್ರವಾಸ ಬಂತೋ ಮುಗೀತು. ಗೋಪಾಲಸ್ವಾಮಿ ಹೊಂಡದ ಕಡೆ ಹೋಗಿ, ಜನ ಕಡಿಮೆ. ಅಂಚಿಗೆ ಮಾತ್ರ ನಿಲ್ಲಿಸಬೇಡಿ, ಪಾಚಿ ಇರುತ್ತದೆ.

ಹರಿಹರದ_ಅಕ್ಕ
ಪರ್ಮಿಷನ್ ಬಗ್ಗೆ ಯಾರಾದರೂ ಹೇಳಿದ್ರಾ? ಅದು ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕ. ಟಿಕೆಟ್ ತಗೊಂಡು ಕೈಯಲ್ಲಿ ಕ್ಯಾಮೆರಾ ಹಿಡಿದು ಫೋಟೊ ತೆಗೆಯೋದು ಬೇರೆ, ಟ್ರೈಪಾಡ್, ಲೈಟ್ ಸ್ಟ್ಯಾಂಡ್ ಇಟ್ಟು ಶೂಟಿಂಗ್ ಮಾಡೋದು ಬೇರೆ. ಎರಡನೆಯದಕ್ಕೆ ಮುಂಚೆಯೇ ಅನುಮತಿ ಬೇಕು. ಡ್ರೋನ್ ಅಂತೂ ತೆಗೆಯಲೇಬೇಡಿ. ಏಕನಾಥೇಶ್ವರಿ, ಹಿಡಿಂಬೇಶ್ವರ ಇವೆಲ್ಲ ಪೂಜೆ ನಡೆಯುವ ಗುಡಿಗಳು, ಅಲ್ಲಿ ಹೋಗಿ ಕೈ ಕೈ ಹಿಡಿಸಿ ಪೋಸ್ ಕೊಡಿಸಬೇಡಿ.

ಬೆಣ್ಣೆದೋಸೆ_ಬಾಬು
ಸುಮ್ನೆ ಹೆದರಿಸಬೇಡಿ ಅಕ್ಕ, ದಿನಾ ಅಷ್ಟು ಜನ ತೆಗೀತಾರೆ.

ಹರಿಹರದ_ಅಕ್ಕ
ತೆಗೆಯುತ್ತಾರೆ, ಕೇಳಿದಾಗ ತಡವರಿಸುತ್ತಾರೆ. ಬೀಗರ ಎದುರಿಗೆ ಸೆಕ್ಯುರಿಟಿಯವರ ಹತ್ತಿರ ಮಾತು ಕೇಳೋದು ಬೇಕಾ? ಟಿಕೆಟ್ ಕೌಂಟರ್‌ನಲ್ಲಿ ಮೊದಲೇ ಕೇಳಿಬಿಟ್ಟರೆ ಮುಗೀತು.

ಜಗಳೂರಿನವ
ಆಪರೇಷನ್ ಥಿಯೇಟರ್ ಒಳಗೆ ಪ್ರಿ-ವೆಡ್ಡಿಂಗ್ ಶೂಟ್ ಮಾಡಿ ಡಾಕ್ಟರೊಬ್ಬರ ಕೆಲಸ ಹೋದ ಸುದ್ದಿ ನಮ್ಮ ಚಿತ್ರದುರ್ಗ ಜಿಲ್ಲೆಯದೇ ಅಲ್ವಾ, 2024ರಲ್ಲಿ? ಅದಕ್ಕೆ ಹೋಲಿಸಿದರೆ ಕೋಟೆ ವಾಸಿ.

ಮುಡಿಮಲ್ಲಿಗೆ
ಕೋತಿಗಳ ವಿಷಯ ಮರೆತಿರಿ. ಕೈಯಲ್ಲಿ ಕವರ್ ಇದ್ದರೆ ಸಾಕು, ಹಿಂದೆ ಬೀಳುತ್ತವೆ. ತಿಂಡಿ ಎಲ್ಲ ಬ್ಯಾಗಿನೊಳಗೆ, ಜಿಪ್ ಹಾಕಿ.

ಸಂತೇಬೆನ್ನೂರು_ಸೀನ
ನಾನು ಹೇಳೋದು, ಕೋಟೆಯೇ ಯಾಕೆ? ಸಂತೇಬೆನ್ನೂರು ಪುಷ್ಕರಣಿ ಇಲ್ವಾ? ಸುತ್ತ ಮೆಟ್ಟಿಲು, ನಡುವೆ ಮಂಟಪ, ಎದುರಿಗೆ ಮುಸಾಫಿರ್‌ಖಾನೆ. ಎಲ್ಲರ ಆಲ್ಬಮ್ಮಿನಲ್ಲೂ ಅದೇ ದುರ್ಗದ ಬಂಡೆ ನೋಡಿ ಸಾಕಾಗಿದೆ.

ಬತ್ತಿಗುಡ್ಡ
ಅದೂ ಸಂರಕ್ಷಿತ ಸ್ಮಾರಕವೇ ಸೀನಣ್ಣ, ಅಲ್ಲೂ ಅದೇ ರಗಳೆ. ಜನ ಕಡಿಮೆ ಇರುತ್ತಾರೆ ಅನ್ನೋದು ನಿಜ.

ಸಂತೇಬೆನ್ನೂರು_ಸೀನ
ಹಾಗಾದರೆ ನಮ್ಮ ಚನ್ನಗಿರಿ ಕಡೆ ಅಡಿಕೆ ತೋಟಕ್ಕೆ ಬನ್ನಿ. ತೋಟದ ಯಜಮಾನರನ್ನು ಕೇಳಿದರೆ ಆಯಿತು. ಟೀನೂ ಕೊಡುತ್ತಾರೆ.

ರೀಲ್_ಕಾಲದವನು
ತೋಟ ಚೆಂದ, ಆದರೆ ಹೊಸಬರಿಗೆ ಕಷ್ಟ. ಸೋಗೆ ಸಂದಿಯಿಂದ ಬಿಸಿಲು ಚೂರು ಚೂರಾಗಿ ಬೀಳುತ್ತದೆ. ಹುಡುಗಿಯ ಹಣೆ ಮೇಲೊಂದು ಬಿಳಿ ಮಚ್ಚೆ, ಹುಡುಗನ ಕೆನ್ನೆ ಮೇಲೊಂದು. ಅದನ್ನು ಯಾವ ಸಾಫ್ಟ್‌ವೇರೂ ಚೆನ್ನಾಗಿ ಅಳಿಸಲ್ಲ. ಮೇಲಿಂದ ಸುತ್ತ ಹಸಿರು, ಮುಖಕ್ಕೂ ಹಸಿರು ಛಾಯೆ. ತೋಟದ ಒಳಗೆ ಹೋಗಬೇಡಿ, ಬದುವಿನ ಹತ್ತಿರ ನಿಲ್ಲಿಸಿ. ಬೆನ್ನಿಗೆ ತೋಟ, ಎದುರಿಗೆ ಬಯಲ ಆಕಾಶ. ಒಂದು ಬಿಳಿ ಹಾಳೆ ಮುಖದ ಹತ್ತಿರ ಹಿಡಿಸಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಆಮೇಲೆ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವ ಬಣ್ಣದ ಹದ) ಅದರ ಮೇಲೆ ಸರಿ ಮಾಡಬಹುದು.

ಕೋಟೆ_ಹುಡುಗ
ವಾಣಿವಿಲಾಸ ಸಾಗರ ಜಲಾಶಯ ಯಾರೂ ಹೇಳಲಿಲ್ಲ. 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಯ ಅರ್ಧ ಜೋಡಿ ಅಲ್ಲೇ ಇದ್ದವು.

ಜಗಳೂರಿನವ
1933ರ ಮೇಲೆ ಅದೇ ಮೊದಲು ತುಂಬಿದ್ದು. ನಮ್ಮಜ್ಜ ಟ್ರ್ಯಾಕ್ಟರಿನಲ್ಲಿ ಹೋಗಿ ಕೈ ಮುಗಿದು ಬಂದಿದ್ದರು. ಜೋಡಿಗಳು ರೀಲ್ಸ್ ಮಾಡುತ್ತಿದ್ದವು.

ಹರಿಹರದ_ಅಕ್ಕ
ವಿಷಯಕ್ಕೆ ಬನ್ನಿ. ಹುಡುಗ ಇನ್ನೊಂದು ಕೇಳಿದ್ದಾನೆ, ಸೆಟೆದು ನಿಲ್ಲೋದರ ಬಗ್ಗೆ. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಎಲ್ಲ ಲೆನ್ಸ್, ಲೆನ್ಸ್.

ಅಣ್ಣೇಶ_ಹೊಸದುರ್ಗ
ನಾನು ಮದುವೆ ಫೋಟೊ ತೆಗೆದೇ ಹೊಟ್ಟೆ ಹೊರೆಯುವವನು, ಅಕ್ಕ ಕೇಳಿದ್ದಕ್ಕೆ ಹೇಳುತ್ತೇನೆ. ಮನೆಯವರು ನೋಡಿ ಒಪ್ಪಿದ ಮದುವೆ ಆದರೆ ಆ ಇಬ್ಬರೂ ಸರಿಯಾಗಿ ಮಾತಾಡಿರೋದೇ ಫೋನಲ್ಲಿ. ಎದುರು ಬದುರು ಅದೇ ಎರಡನೇ ಸಲವೋ ಮೂರನೇ ಸಲವೋ. ಅಂಥವರಿಗೆ "ಪ್ರೀತಿಯಿಂದ ನೋಡಿ" ಅಂದರೆ ಏನು ಮಾಡಬೇಕು ಪಾಪ. ಪೋಸ್ ಹೇಳಬೇಡ, ಕೆಲಸ ಹೇಳು. "ಅಕ್ಕ, ಅಣ್ಣನ ಕಾಲರ್ ಮಡಚಿಕೊಂಡಿದೆ ನೋಡಿ" ಅನ್ನು. ಅವಳು ಸರಿ ಮಾಡೋಕೆ ಕೈ ಎತ್ತುತ್ತಾಳೆ, ಬಳೆ ಸರಿಯುತ್ತದೆ, ಅವನು ತಲೆ ಬಗ್ಗಿಸುತ್ತಾನೆ, ಇಬ್ಬರಿಗೂ ನಗು ಬರುತ್ತದೆ. ಆಗ ಒತ್ತು. ಕೈ ಎಲ್ಲಿ ಇಡಲಿ ಅನ್ನೋ ಪ್ರಶ್ನೆಯೇ ಬರಲ್ಲ.

ನಡೆಸು. ದೂರದಿಂದ ನಿನ್ನ ಕಡೆಗೆ ನಡೆದು ಬರಲಿ, ಕ್ಯಾಮೆರಾ ನೋಡದೆ. ಬೆಳಿಗ್ಗೆ ಏನು ತಿಂಡಿ ತಿಂದಿರಿ ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳೋಕೆ ಹೇಳು. ನಿಂತಾಗ ಹಿಂದಿನ ಕಾಲಿನ ಮೇಲೆ ಭಾರ ಬಿಡೋಕೆ ಹೇಳು, ಭುಜ ತಾನಾಗೇ ಇಳಿಯುತ್ತದೆ. ಮೊದಲ ಹತ್ತು ನಿಮಿಷದ ಫೋಟೊ ಎಣಿಕೆಗೆ ಇಲ್ಲ ಅಂತ ಅವರಿಗೆ ಬಾಯಿಬಿಟ್ಟು ಹೇಳು.

ನಿಮ್ಮ ದಾವಣಗೆರೆಯಲ್ಲೇ ಒಂದು ಜೋಡಿಗೆ ಮಂಡಕ್ಕಿ ಮಿರ್ಚಿ ಕೊಡಿಸಿದ್ದೆ. ಹುಡುಗಿ ಮಿರ್ಚಿ ಕಚ್ಚಿದಳು, ಖಾರ ನೆತ್ತಿಗೆ ಹತ್ತಿತು, ಕಣ್ಣಲ್ಲಿ ನೀರು. ಹುಡುಗ ಒಂದು ಕೈಯಲ್ಲಿ ಮಂಡಕ್ಕಿ ಪೊಟ್ಟಣ, ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ, ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೆಯುತ್ತಿದ್ದಾನೆ. ಅವನ ತೋಳಿನ ಮೇಲೆ ಅವಳ ಮೆಹಂದಿ ಕೈ. ಮನೆಯವರು ಗೋಡೆಗೆ ಹಾಕಿಸಿಕೊಂಡಿದ್ದು ಅದನ್ನೇ, ಕೆರೆ ಮುಂದೆ ತೆಗೆದದ್ದನ್ನಲ್ಲ.

ಮುಡಿಮಲ್ಲಿಗೆ
ಇದು ಚೆನ್ನಾಗಿದೆ ಅಣ್ಣ. ಜೊತೆಗೆ ಬಂದ ಮನೆಯವರನ್ನೂ ಸ್ವಲ್ಪ ದೂರ ಕಳಿಸಬೇಕು. ಅತ್ತೆ ಆಗುವವರು ಕ್ಯಾಮೆರಾ ಪಕ್ಕದಲ್ಲಿ ನಿಂತಿದ್ದರೆ ಯಾವ ಹುಡುಗಿಗೆ ನಗು ಬರುತ್ತೆ?

ಅಣ್ಣೇಶ_ಹೊಸದುರ್ಗ
ಹುಡುಗಿಯ ಅಣ್ಣನ ಕೈಗೆ ಪಂಚೆಯ ಒಂದು ತುದಿ ಕೊಡಿ. ಕೆಲಸ ಇದ್ದರೆ ಕಾವಲು ಮರೆಯುತ್ತಾನೆ.

ಜಗಳೂರಿನವ
ಎಡಿಟಿಂಗ್‌ಗೆ ಯಾವ ಪ್ರೀಸೆಟ್ (ಒಂದೇ ಸಲಕ್ಕೆ ಬಣ್ಣ ಬದಲಿಸುವ ರೆಡಿಮೇಡ್ ಸೆಟ್ಟಿಂಗ್) ಒಳ್ಳೆಯದು? ಎಲ್ಲ ಕಂದು ಕಂದು ಬರುತ್ತಲ್ಲ, ಅದು.

ರೀಲ್_ಕಾಲದವನು
ಆ ಕಂದು ಹಾಕಿದರೆ ಹಸಿರು ರೇಷ್ಮೆ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಹುಡುಗಿಯ ತಾಯಿ ಫೋಟೊ ನೋಡಿ ಮೊದಲು ಹೇಳೋ ಮಾತು, "ನಾವು ತಂದ ಸೀರೆ ಇದಲ್ಲ". ಸೀರೆ ಬಣ್ಣ ಸರಿ ಬಂತಾ, ಚರ್ಮದ ಬಣ್ಣ ಸರಿ ಬಂತಾ, ಅಲ್ಲಿಗೆ ನಿಲ್ಲಿಸಿ. ಮುಖ ಬೆಳ್ಳಗೆ ಮಾಡಿ ಅಂತ ಕೇಳುತ್ತಾರೆ, ನಾನು ಮಾಡಲ್ಲ. ಕುತ್ತಿಗೆ ಒಂದು ಬಣ್ಣ, ಮುಖ ಒಂದು ಬಣ್ಣ ಆಗುತ್ತದೆ.

ಬೆಣ್ಣೆದೋಸೆ_ಬಾಬು
ಈಗಿನ ಫೋನ್ ಪೋರ್ಟ್ರೇಟ್ ಮೋಡ್ ಇದೆಲ್ಲಕ್ಕಿಂತ ಚೆನ್ನಾಗಿ ತೆಗೆಯುತ್ತೆ, ಬೇಕಾದರೆ ಹೊಡೆದಾಡಿ.

ಬತ್ತಿಗುಡ್ಡ
ದೊಡ್ಡದು ಮಾಡಿ ನೋಡು. ಮುಡಿದ ಮಲ್ಲಿಗೆ ಅರ್ಧ ಇರುತ್ತದೆ, ಅರ್ಧ ಕರಗಿರುತ್ತದೆ. ಜುಮುಕಿಗೆ ತಳವೇ ಇರಲ್ಲ. ಲೆನ್ಸ್ ಮಾರೋಕೆ ಬಂದವನು ಈಗ ಫೋನ್ ಮಾರುತ್ತಿದ್ದೀಯ.

ಹೊಸಬ_ದಾವಣಗೆರೆ
ಎಲ್ಲರಿಗೂ ಥ್ಯಾಂಕ್ಸ್. ಲೆನ್ಸೂ ಬೇಡ, ಫ್ಲ್ಯಾಶೂ ಬೇಡ, ಸದ್ಯಕ್ಕೆ ದುಡ್ಡು ಹಾಗೇ ಇರಲಿ. ಮುಡಿಮಲ್ಲಿಗೆ ಅಕ್ಕ ಹೇಳಿದ ಹಾಗೆ ಫೋನ್ ಮಾಡಿದೆ, ಏಳೂವರೆಗೆ ಕೋಟೆ ಗೇಟಿನ ಹತ್ತಿರ ಇರುತ್ತೇವೆ ಅಂದರು. ಇನ್ನೊಂದೇ ಪ್ರಶ್ನೆ. ಹುಡುಗ ಕನ್ನಡಕ ಹಾಕುತ್ತಾನೆ. ಗಾಜಿನಲ್ಲಿ ಆಕಾಶ ಕಾಣುತ್ತದೆ, ಕಣ್ಣು ಕಾಣಲ್ಲ. ತೆಗೆಸಿಬಿಡಲಾ?

ಅಣ್ಣೇಶ_ಹೊಸದುರ್ಗ
ತೆಗೆಸಬೇಡ. ಮೂಗಿನ ಮೇಲೆ ಎರಡು ಗುರುತು ಕಾಣುತ್ತವೆ, ಕಣ್ಣೂ ಕಿರಿದು ಮಾಡುತ್ತಾನೆ. ದಿನಾ ಹಾಕುವವನಿಗೆ ಅದೇ ಮುಖ. ಕನ್ನಡಕದ ಕಡ್ಡಿಯನ್ನು ಕಿವಿಯಿಂದ ಒಂದಿಷ್ಟೇ ಮೇಲೆತ್ತಿಸು, ಗಾಜು ನೆಲದ ಕಡೆ ವಾಲುತ್ತದೆ. ಗದ್ದ ಸ್ವಲ್ಪ ಕೆಳಗೆ. ಆಮೇಲೆ ಅವನ ಮುಖ ನೋಡಬೇಡ, ಗಾಜು ನೋಡುತ್ತಾ ತಲೆ ನಿಧಾನಕ್ಕೆ ತಿರುಗಿಸೋಕೆ ಹೇಳು. ಆಕಾಶದ ಬಿಳಿ ಗಾಜಿನಿಂದ ಜಾರಿಹೋದ ಕಡೆ ನಿಲ್ಲಿಸು.

ಬತ್ತಿಗುಡ್ಡ
ಬಿಸಿಲಿಗೆ ಕಪ್ಪಾಗುವ ಗಾಜಾ ಅಂತಲೂ ಕೇಳಿಕೋ. ಆ ಥರದ್ದಾದರೆ ಹೊರಗಿಂದ ಬಾಗಿಲ ನೆರಳಿಗೆ ಬಂದ ಮೇಲೂ ತಿಳಿಯಾಗೋಕೆ ಕೆಲವು ನಿಮಿಷ ಹಿಡಿಯುತ್ತದೆ. ಹಳೇ ಸಾದಾ ಕನ್ನಡಕ ಇದ್ದರೆ ಅದನ್ನೇ ತರಲಿ.